ಹಿಮದ ನಾಡಿಗೆ ಹುಳು ಹೊಕ್ಕಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಟಾರ್ಕ್ಟಿಕ ಮತ್ತು ಅದರ ಸುತ್ತಲಿನ ದ್ವೀಪಗಳಿಗೆ ಹೊರಗಿನ ಕೀಟಗಳು ಹೊಕ್ಕಿವೆ ಅಂದಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಲ್ಲವನ್ನೂ ಓದಲೇಬೇಕು ಅಂತಿಲ್ಲ. ಸಮಯ ಕಡಿಮೆ ಇದ್ದರೆ ಸಿಗ್ನಿ ದ್ವೀಪದ ಪ್ರಶ್ನೆಯನ್ನಾದರೂ ಓದಿ.

ಅಂಟಾರ್ಕ್ಟಿಕದಲ್ಲಿ ಪೆಂಗ್ವಿನ್, ಸೀಲ್ ಬಿಟ್ಟರೆ ಏನೂ ಇಲ್ಲ ಅಲ್ವಾ? ಅಲ್ಲಿ ಕೀಟ ಎಲ್ಲಿಂದ ಬರಬೇಕು?

ಕೀಟ ಇವೆ, ಬೆರಳೆಣಿಕೆಯಷ್ಟು. ಪೆಂಗ್ವಿನ್ ಮತ್ತು ಸೀಲ್‌ಗಳ ಮೈಮೇಲಿನ ಹೇನುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಅಂಟಾರ್ಕ್ಟಿಕದಲ್ಲಿ ಬಿಟ್ಟು ಬೇರೆಲ್ಲೂ ಸಿಗದ ಕೀಟ ಒಂದೇ ಒಂದು. ಅದರ ಹೆಸರು ಬೆಲ್ಜಿಕಾ ಅಂಟಾರ್ಕ್ಟಿಕಾ. ಉದ್ದ 2ರಿಂದ 6 ಮಿಲಿಮೀಟರ್. ಸೊಳ್ಳೆಗೆ ದೂರದ ನೆಂಟ, ಆದರೆ ಕಚ್ಚುವುದಿಲ್ಲ. ರೆಕ್ಕೆಯೂ ಇಲ್ಲ. ಈ ಬಗೆಯ ಪುಟ್ಟ ನೊಣಗಳನ್ನು ಮಿಡ್ಜ್ ಎನ್ನುತ್ತಾರೆ. ಸೌತ್ ಶೆಟ್ಲೆಂಡ್ ದ್ವೀಪಗಳ ಕಡೆ ರೆಕ್ಕೆ ಇರುವ ಇನ್ನೊಂದು ಮಿಡ್ಜ್ ಇದೆ.

ಇದರ ಜೊತೆಗೆ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು, ಸ್ಪ್ರಿಂಗ್‌ಟೇಲ್ ಎಂಬ ಕುಪ್ಪಳಿಸುವ ಜೀವಿಗಳು ಇವೆ. ಇರುವೆ ಇಲ್ಲ, ಎರೆಹುಳು ಇಲ್ಲ. ಈ 'ಇಲ್ಲ'ಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊರಗಿನಿಂದ ಬಂದ ಕೀಟವೆಲ್ಲ ಆಕ್ರಮಣಕಾರಿಯಾ?

ಅಲ್ಲ. ಬಂದವುಗಳಲ್ಲಿ ಎಷ್ಟೋ ಕೀಟಗಳು ಬಂದಲ್ಲೇ ಸಾಯುತ್ತವೆ. ಕೆಲವು ಉಳಿದುಕೊಂಡು ಸುಮ್ನೆ ಇರುತ್ತವೆ. ಉಳಿದು, ಮರಿ ಮಾಡಿ, ಹರಡಿ, ಅಲ್ಲಿದ್ದ ಜೀವಿಗಳ ಬದುಕನ್ನೇ ಬದಲಿಸಿದರೆ ಮಾತ್ರ ಆಕ್ರಮಣಕಾರಿ ಅನ್ನುವುದು. ಅಮೆರಿಕ ಮೂಲದ ಸೈನಿಕ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿದ್ದು ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಆಮೇಲೆ ಏನಾಯಿತು ಅಂತ ಜೋಳ ಬೆಳೆಯುವವರನ್ನು ಕೇಳಿದರೆ ಈ ಪದದ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ.

ಅಷ್ಟು ದೂರದ ಹಿಮಕ್ಕೆ ಇವು ಹೋಗುವುದಾದರೂ ಹೇಗೆ? ಹಾರಿಕೊಂಡಾ?

ಗಾಳಿಯಲ್ಲಿ ತೇಲಿ ಹೋಗುವುದು ಉಂಟು. ಆದರೆ ದಕ್ಷಿಣ ಸಾಗರದ ಆ ಭಾಗ ಎಷ್ಟು ದೂರ, ಎಷ್ಟು ಬಿರುಸು ಅಂದರೆ ತಾನಾಗಿ ತಲುಪುವುದು ಬಹಳ ಅಪರೂಪ. ಹೆಚ್ಚಿನವನ್ನು ಕರೆದುಕೊಂಡು ಹೋದವರು ಮನುಷ್ಯರೇ. ಹಿಂದೆ ಸೀಲ್ ಬೇಟೆಯವರು, ತಿಮಿಂಗಿಲ ಬೇಟೆಯವರು, ಕುರಿ ಸಾಕಲು ಹೋದವರು. ಈಗ ವಿಜ್ಞಾನಿಗಳು ಮತ್ತು ಪ್ರವಾಸಿಗರು. ತರಕಾರಿ ಪೆಟ್ಟಿಗೆ, ಮರದ ಕ್ರೇಟು, ಕಟ್ಟಡ ಕಟ್ಟುವ ಸಾಮಾನು, ವಾಹನದ ಚಕ್ರ, ಬೂಟಿನ ಅಡಿ, ಜಾಕೆಟ್ಟಿನ ವೆಲ್ಕ್ರೋ ಪಟ್ಟಿ, ಕ್ಯಾಮೆರಾ ಚೀಲದ ಮೂಲೆ, ಇವೇ ದಾರಿಗಳು.

2007–08ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕಕ್ಕೆ ಹೋಗುವವರ ಬಟ್ಟೆ, ಚೀಲಗಳನ್ನು ವಿಜ್ಞಾನಿಗಳು ವ್ಯಾಕ್ಯೂಮ್ ಮಾಡಿ ಬೀಜ ಎಣಿಸಿದ್ದರು. ಸರಾಸರಿ ಒಬ್ಬರ ಬಳಿ 9.5 ಬೀಜ. ಆ ಒಂದು ಬೇಸಿಗೆಯಲ್ಲಿ ಒಟ್ಟು 70,000ಕ್ಕೂ ಹೆಚ್ಚು ಬೀಜ ಒಳಗೆ ಹೋಗಿರಬೇಕು ಅನ್ನುವುದು ಅವರ ಲೆಕ್ಕ. ಇದು ಕೀಟದ ಲೆಕ್ಕ ಅಲ್ಲ, ನಿಜ. ಆದರೆ ಬೀಜ ಅಂಟಿಕೊಳ್ಳುವಲ್ಲಿ ಮಣ್ಣೂ ಅಂಟುತ್ತದೆ, ಮಣ್ಣಿನ ಜೊತೆ ಮೊಟ್ಟೆಯೂ ಬರಬಹುದು. ಆಗ ಹೋಗುತ್ತಿದ್ದವರು ಕೆಲವು ಹತ್ತು ಸಾವಿರ ಜನ. ಈಗ ಒಂದೊಂದು ಬೇಸಿಗೆಗೆ ಪ್ರವಾಸಿಗರೇ ಒಂದು ಲಕ್ಷ ದಾಟುತ್ತಾರೆ.

ಇದರಲ್ಲಿ ಹವಾಮಾನ ಬದಲಾವಣೆಯ ಪಾತ್ರ ಏನು?

ಕೀಟವನ್ನು ತಲುಪಿಸುವುದು ಮನುಷ್ಯ. ತಲುಪಿದ್ದು ಬದುಕುತ್ತದಾ ಇಲ್ಲವಾ ಅನ್ನುವುದನ್ನು ಇಲ್ಲಿವರೆಗೆ ನಿರ್ಧರಿಸುತ್ತಿದ್ದದ್ದು ಚಳಿ. ಈಗ ಆ ಚಳಿಯ ಹಿಡಿತ ಸಡಿಲವಾಗುತ್ತಿದೆ.

ಕೀಟದ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಬಿಸಿ ಎಷ್ಟೋ ಅದರ ಬೆಳವಣಿಗೆಯ ವೇಗವೂ ಅಷ್ಟೇ. ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಹುಳು ಸೊಪ್ಪು ತಿನ್ನುವುದು ನಿಧಾನ, ಜ್ವರಕ್ಕೆ ಕೂರುವುದು (ಪೊರೆ ಬಿಡಲು ನಿಲ್ಲುವುದು) ನಿಧಾನ, ಹಣ್ಣಾಗುವುದೂ (ಗೂಡು ಕಟ್ಟಲು ಸಿದ್ಧವಾಗುವುದೂ) ತಡ. ಅದಕ್ಕೇ ಸಾಕಣೆ ಮನೆಯಲ್ಲಿ ಒಲೆಯೋ ಹೀಟರೋ ಇಡುತ್ತಾರೆ. ಧ್ರುವದ ಕಡೆಯ ಬೇಸಿಗೆ ಬಲು ಚಿಕ್ಕದು. ಅಷ್ಟರೊಳಗೆ ಮೊಟ್ಟೆ ಒಡೆದು, ಮರಿಹುಳು ಬೆಳೆದು, ಚಳಿ ತಡೆಯುವ ಹಂತಕ್ಕೆ ಬರದಿದ್ದರೆ ಕಥೆ ಮುಗಿಯಿತು. ಬೇಸಿಗೆ ಸ್ವಲ್ಪ ಉದ್ದವಾದರೆ, ಸ್ವಲ್ಪ ಬೆಚ್ಚಗಾದರೆ, ಹಿಂದೆ ಅರ್ಧದಲ್ಲೇ ಸಾಯುತ್ತಿದ್ದ ಕೀಟ ಈಗ ಪೂರ್ತಿ ಬೆಳೆದು ಮೊಟ್ಟೆ ಇಡುತ್ತದೆ.

ಒಂದೆರಡು ಡಿಗ್ರಿ ಏರಿದರೆ ಅಷ್ಟೆಲ್ಲ ಆಗುತ್ತದಾ?

ಬೆಂಗಳೂರಿನಲ್ಲಿ 27 ಡಿಗ್ರಿ ಇದ್ದದ್ದು 28 ಆದರೆ ಫ್ಯಾನ್ ಹಾಕಿಕೊಳ್ಳುತ್ತೇವೆ, ಅಷ್ಟೇ. ಸೊನ್ನೆಯ ಆಸುಪಾಸಿನಲ್ಲಿ ಒಂದು ಡಿಗ್ರಿ ಅಂದರೆ ಹೆಪ್ಪುಗಟ್ಟಿದ ಮಣ್ಣಿಗೂ ನೀರಾಡುವ ಮಣ್ಣಿಗೂ ಇರುವ ವ್ಯತ್ಯಾಸ.

ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪದಲ್ಲಿ 1969ರಿಂದ 1999ರ ನಡುವೆ ವರ್ಷದ ಸರಾಸರಿ ಉಷ್ಣಾಂಶ 1.2 ಡಿಗ್ರಿ ಸೆಲ್ಸಿಯಸ್ ಏರಿತು. ಮಳೆಯೂ ಕಡಿಮೆಯಾಯಿತು. ಅಂಟಾರ್ಕ್ಟಿಕ ಪರ್ಯಾಯ ದ್ವೀಪ 1950ರ ದಶಕದಿಂದ ಈಚೆಗೆ ಸುಮಾರು 3 ಡಿಗ್ರಿ ಬೆಚ್ಚಗಾಗಿದೆ. ಏರಿಕೆ ಪ್ರತಿ ವರ್ಷ ಒಂದೇ ಸಮನೆ ಇರುವುದಿಲ್ಲ, ನಡುವೆ ತಂಪಾದ ವರ್ಷಗಳೂ ಬಂದಿವೆ. ಅದನ್ನೇ ಹಿಡಿದು "ನೋಡಿ, ಬಿಸಿಯಾಗುತ್ತಲೇ ಇಲ್ಲ" ಅಂತ ವಾದಿಸುವವರು ಇದ್ದಾರೆ. ಅವರ ಜೊತೆ ಇಲ್ಲಿ ಜಗಳ ಬೇಡ.

ಸಿಗ್ನಿ ದ್ವೀಪದ ಕಥೆ ಏನು?

ಸಿಗ್ನಿ ಇರುವುದು ಸೌತ್ ಆರ್ಕ್ನಿ ದ್ವೀಪಗಳ ನಡುವೆ, ದಕ್ಷಿಣಕ್ಕೆ 60ನೇ ಅಕ್ಷಾಂಶ ದಾಟಿದ ಮೇಲೆ. ಪುಟ್ಟ ದ್ವೀಪ. ಅಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಸಂಶೋಧನಾ ನೆಲೆ ಇದೆ. 1960ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಉತ್ತರಕ್ಕಿರುವ, ಅದಕ್ಕಿಂತ ಬೆಚ್ಚಗಿನ ಸೌತ್ ಜಾರ್ಜಿಯಾದಂಥ ಕಡೆಯ ಗಿಡಗಳು ಇಲ್ಲಿ ಬದುಕುತ್ತವಾ ಅಂತ ನೋಡಲು ತಂದು ನೆಟ್ಟರು. ಗಿಡದ ಬೇರಿನ ಮಣ್ಣಿನಲ್ಲಿ ಎರೆಟ್ಮಾಪ್ಟೆರಾ ಮರ್ಫಿ ಎಂಬ ಮಿಡ್ಜ್ ಕೂಡ ಬಂತು. ಯಾರಿಗೂ ಗೊತ್ತಾಗಲಿಲ್ಲ. ಗಮನಕ್ಕೆ ಬಂದದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅದು ನೆಲೆಯೂರಿಯಾಗಿತ್ತು.

ಇದನ್ನು ಹತ್ತಿರದಿಂದ ನೋಡಿದರೆ ಸಪ್ಪೆ ಹುಳು ಅನ್ನಿಸುತ್ತದೆ. ಪೂರ್ತಿ ಬೆಳೆದ ಹುಳುವಿಗೆ ರೆಕ್ಕೆಯ ಜಾಗದಲ್ಲಿ ಎರಡು ಮೊಂಡು ತುಂಡುಗಳಷ್ಟೇ, ಹಾರಲು ಬರುವುದಿಲ್ಲ. ಆ ರೂಪದಲ್ಲಿ ಬದುಕುವುದು ಕೆಲವೇ ದಿನ. ಉಳಿದ ಸುಮಾರು ಎರಡು ವರ್ಷ ಮಣ್ಣಿನಲ್ಲಿ, ಹಾವಸೆಯ ಬುಡದಲ್ಲಿ, ಮರಿಹುಳುವಾಗಿ ಕಳೆಯುತ್ತದೆ. ಕೊಳೆತ ಹಾವಸೆ ತಿನ್ನುತ್ತದೆ. ಎಲ್ಲವೂ ಹೆಣ್ಣು. ಗಂಡಿನ ಅಗತ್ಯವೇ ಇಲ್ಲದೆ ಮೊಟ್ಟೆ ಇಡುತ್ತವೆ. ಅಂದರೆ ಬೂಟಿನ ಅಡಿಯಲ್ಲಿ ಒಂದೇ ಒಂದು ಮರಿಹುಳು ಜೀವಂತ ಉಳಿದರೂ ಸಾಕು, ಹೊಸ ಜಾಗದಲ್ಲಿ ಹೊಸ ಸಂಸಾರ ಶುರು.

ಹಾರದ ಹುಳು ಹಾಗಿದ್ದರೆ ಹರಡಿದ್ದು ಹೇಗೆ? ನೆಟ್ಟ ಜಾಗದಿಂದ ಶುರುವಾಗಿ, ಜನ ಓಡಾಡುವ ದಾರಿಗಳ ಗುಂಟ ಹರಡಿದೆ. ಬೂಟಿನ ಮಣ್ಣೇ ಅದಕ್ಕೆ ವಾಹನ. ಇದರ ಮರಿಹುಳು ಹೆಪ್ಪುಗಟ್ಟಿದರೂ ಬದುಕುತ್ತದೆ. ಸಮುದ್ರದ ನೀರಿನಲ್ಲೂ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ. ಹಾಗಾಗಿ ಮುಂದಿನ ದ್ವೀಪಕ್ಕೆ ತೇಲಿ ಹೋಗಲಾರದು ಅಂತ ಧೈರ್ಯವಾಗಿ ಹೇಳುವಂತಿಲ್ಲ.

ಈಗ ಸಿಗ್ನಿಯ ಕೆಲವು ಕಡೆ ಒಂದು ಚದರ ಮೀಟರ್ ನೆಲದಲ್ಲಿ ಲಕ್ಷಗಟ್ಟಲೆ ಮರಿಹುಳು ಸಿಗುತ್ತವೆ. ಅದು ಇರುವಲ್ಲಿ ಮಣ್ಣಿನ ಸಾರಜನಕ, ಸ್ಥಳೀಯ ಜೀವಿಗಳು ಮಾತ್ರ ಇರುವ ಮಣ್ಣಿಗಿಂತ ಮೂರರಿಂದ ಐದು ಪಟ್ಟು ಜಾಸ್ತಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಸಂಶೋಧಕರು 2022ರಲ್ಲಿ ತಿಳಿಸಿದ ಲೆಕ್ಕ ಇದು. ಎರೆಹುಳುವೇ ಇಲ್ಲದ ಮಣ್ಣಿನಲ್ಲಿ ಈ ಮಿಡ್ಜ್ ಎರೆಹುಳುವಿನ ಕೆಲಸ ಮಾಡುತ್ತಿದೆ.

ಮಣ್ಣು ಫಲವತ್ತಾದರೆ ಒಳ್ಳೆಯದೇ ಅಲ್ವಾ?

ನಮ್ಮ ಹೊಲಕ್ಕಾದರೆ ಒಳ್ಳೆಯದು. ಸಿಗ್ನಿಯಲ್ಲಿ ಬದುಕುವ ಹಾವಸೆ, ಕಲ್ಲುಹೂವುಗಳು ಬಡ ಮಣ್ಣಿಗೇ ಒಗ್ಗಿಕೊಂಡವು. ಕೊಳೆಯುವ ಕೆಲಸ ಅಲ್ಲಿ ಎಷ್ಟು ನಿಧಾನ ಅಂದರೆ ಹಾವಸೆಯ ಮೆತ್ತೆ ಪದರ ಪದರವಾಗಿ ಸಾವಿರಾರು ವರ್ಷ ಹಾಗೇ ಉಳಿದಿರುತ್ತದೆ. ಅದನ್ನು ಬೇಗ ಬೇಗ ಪುಡಿ ಮಾಡಿ ಸಾರಜನಕ ಬಿಡುಗಡೆ ಮಾಡಿದರೆ, ಲಾಭ ಆಗುವುದು ಮುಂದೆ ಬರುವ ಹೊರಗಿನ ಹುಲ್ಲಿಗೆ. ಒಂದು ಹೊರಗಿನ ಜೀವಿ ಇನ್ನೊಂದಕ್ಕೆ ಹಾಸಿಗೆ ಹಾಸಿ ಕೊಟ್ಟಂತೆ.

ಅಂಟಾರ್ಕ್ಟಿಕದ ಸ್ವಂತ ಹೂಗಿಡಗಳು ಎರಡೇ. ಒಂದು ಹುಲ್ಲು, ಇನ್ನೊಂದು ಪರ್ಲ್‌ವರ್ಟ್ ಎಂಬ ಪುಟ್ಟ ಗಿಡ. ಇವೆರಡೂ ಸಿಗ್ನಿಯಲ್ಲಿ 2009ರಿಂದ 2018ರ ನಡುವೆ ಹಿಂದೆಂದಿಗಿಂತ ವೇಗವಾಗಿ ಹರಡಿವೆ. ಅದಕ್ಕೆ ಮುಖ್ಯ ಕಾರಣ ಬೆಚ್ಚಗಿನ ಬೇಸಿಗೆ. ಗಿಡಗಳನ್ನು ತುಳಿಯುತ್ತಿದ್ದ ಫರ್ ಸೀಲ್‌ಗಳು ಕಡಿಮೆಯಾದದ್ದೂ ಸೇರಿದೆ. ನೆಲ ಹಸಿರಾಗುತ್ತಿದೆ ಅಂತ ಖುಷಿಪಡುವವರೂ ಇದ್ದಾರೆ. ನನಗೆ ಅದು ಖುಷಿಯ ಸುದ್ದಿಯಾಗಿ ಕಾಣುವುದಿಲ್ಲ.

ಹಾಗಾದರೆ ಈ ಮಿಡ್ಜ್ ಹರಡಿದ್ದಕ್ಕೆ ಹವಾಮಾನ ಬದಲಾವಣೆಯೇ ಕಾರಣವಾ?

ಪೂರ್ತಿ ಅಲ್ಲ. ಇಲ್ಲಿ ಸ್ವಲ್ಪ ಪ್ರಾಮಾಣಿಕವಾಗಿ ಮಾತಾಡಬೇಕು. ಈ ಮಿಡ್ಜ್ ಮೊದಲೇ ಚಳಿ ತಡೆಯಬಲ್ಲ ಹುಳು. ಬಿಸಿ ಏರದಿದ್ದರೂ ಸಿಗ್ನಿಯಲ್ಲಿ ಬದುಕುತ್ತಿತ್ತು ಅನ್ನಿಸುತ್ತದೆ. ಅದಕ್ಕೆ ಅಡ್ಡ ಇದ್ದದ್ದು ಚಳಿಗಿಂತ ಸಮುದ್ರ. ಆ ಸಮುದ್ರವನ್ನು ನಾವು ದಾಟಿಸಿದೆವು. ಬಿಸಿ ಏರಿದ್ದರಿಂದ ಆಗುವುದು ಮುಂದಿನ ಹಂತ: ಇನ್ನೂ ದಕ್ಷಿಣಕ್ಕೆ, ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಕಡೆಗೆ ಹೋದರೂ ಬದುಕುವ ಜಾಗ ಅದಕ್ಕೆ ಹೆಚ್ಚುತ್ತಿದೆ.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಒಂದು ಅಪಾಯ ಇದೆ. ಬೂಟು ತೊಳೆಯುವ ಜವಾಬ್ದಾರಿಯಿಂದ ನಾವು ಆರಾಮಾಗಿ ತಪ್ಪಿಸಿಕೊಳ್ಳುತ್ತೇವೆ.

ಚಳಿ ಕಡಿಮೆಯಾದದ್ದೇ ನೇರ ಕಾರಣ ಅನ್ನುವಂಥ ಉದಾಹರಣೆ ಇದೆಯಾ?

ಇದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಫ್ರಾನ್ಸ್‌ಗೆ ಸೇರಿದ ಕೆರ್ಗುಲೆನ್ ದ್ವೀಪಗಳಿವೆ. ಮರ ಒಂದೂ ಇಲ್ಲ, ಗಾಳಿ ಮಾತ್ರ ನಿಲ್ಲುವುದೇ ಇಲ್ಲ. ಹಾರಿದರೆ ಸಮುದ್ರ ಪಾಲು. ಅದಕ್ಕೇ ಅಲ್ಲಿನ ಸ್ವಂತ ನೊಣಗಳಲ್ಲಿ ಹೆಚ್ಚಿನವು ತಲೆಮಾರುಗಳು ಕಳೆದಂತೆ ರೆಕ್ಕೆಯನ್ನೇ ಬಿಟ್ಟಿವೆ. ನೊಣ ನಡೆದು ಹೋಗುವುದನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಕೆರ್ಗುಲೆನ್ ಎಲೆಕೋಸು ಎಂಬ ಅಲ್ಲಿನ ಗಿಡಕ್ಕೆ ಪರಾಗ ಹೊರಲು ಹಾರುವ ಕೀಟಗಳಿಲ್ಲ. ಆ ಕೆಲಸವನ್ನೂ ಗಾಳಿಯೇ ಮಾಡುತ್ತದೆ.

1913ರಲ್ಲಿ ಕುರಿ ಸಾಕಲು ಹೋದವರ ಜೊತೆ ಫಾಕ್‌ಲೆಂಡ್‌ನಿಂದ ಮೆರಿಝೋಡಸ್ ಎಂಬ ಪುಟ್ಟ ಜೀರುಂಡೆ ಬಂತು. ಅದೂ ಹಾರುವುದಿಲ್ಲ, ಓಡುತ್ತದೆ. ಬೇಟೆಗಾರ ಜೀರುಂಡೆ. ದಶಕಗಟ್ಟಲೆ ಬಂದಿಳಿದ ಜಾಗದ ಸುತ್ತಮುತ್ತಲೇ ಇತ್ತು. ದ್ವೀಪ ಬೆಚ್ಚಗಾಗುತ್ತ ಬಂದಂತೆ ಕರಾವಳಿಯ ಗುಂಟ ವೇಗವಾಗಿ ಹರಡಿತು. ನೊಣದ ಮರಿಹುಳುಗಳೇ ಅದರ ಊಟ. ತಮ್ಮನ್ನು ಹೀಗೆ ಹಿಡಿದು ತಿನ್ನುವ ಜೀರುಂಡೆಯನ್ನು ಆ ರೆಕ್ಕೆಯಿಲ್ಲದ ನೊಣಗಳು ಹಿಂದೆ ನೋಡಿರಲೇ ಇಲ್ಲ. ಅದು ಹೋದಲ್ಲೆಲ್ಲ ಅವುಗಳ ಸಂಖ್ಯೆ ಕುಸಿದಿದೆ.

ಇನ್ನೊಂದು, ನೀಲಿ ಬಣ್ಣದ ಮಾಂಸದ ನೊಣ. ಇದು ಕೆರ್ಗುಲೆನ್‌ನಲ್ಲಿ ನೆಲೆಯೂರಿದ್ದು 1970ರ ದಶಕದ ಕೊನೆಯ ಹೊತ್ತಿಗೆ. ಇದರ ಮರಿಹುಳು ಪೂರ್ತಿ ಬೆಳೆಯಲು ಬೇಕಾದಷ್ಟು ಬಿಸಿ ಅದಕ್ಕೆ ಮುಂಚೆ ಅಲ್ಲಿ ಸಿಗುತ್ತಿರಲಿಲ್ಲ. ಈಗ ಸತ್ತ ಹಕ್ಕಿ, ಸತ್ತ ಮೊಲದ ಮೇಲೆ ಸ್ಥಳೀಯ ನೊಣಕ್ಕಿಂತ ಇದೇ ಮೊದಲು ಹಾಜರ್. ಹಾರಲು ಬರುವವರಿಗೂ ನಡೆಯುವವರಿಗೂ ಪಂದ್ಯ ಇಟ್ಟರೆ ಯಾರು ಗೆಲ್ಲುತ್ತಾರೆ ಹೇಳಿ.

ಬೆಚ್ಚಗಾದರೆ ಅಲ್ಲಿನ ಸ್ವಂತ ಕೀಟಗಳಿಗೂ ಆರಾಮ ಅಲ್ವಾ?

ಹಾಗೆ ಅನ್ನಿಸುವುದು ಸಹಜ. ಆದರೆ ಮೊದಲ ಪ್ರಶ್ನೆಯಲ್ಲಿ ಹೇಳಿದ ಬೆಲ್ಜಿಕಾದ ಮೇಲೆ ನಡೆದ ಪ್ರಯೋಗದಲ್ಲಿ ಕಂಡದ್ದು ಉಲ್ಟಾ. ಚಳಿಗಾಲವನ್ನು ಕೃತಕವಾಗಿ ಸ್ವಲ್ಪ ಬೆಚ್ಚಗೆ ಮಾಡಿದಾಗ ಮರಿಹುಳುಗಳು ಜಾಸ್ತಿ ಸತ್ತವು. ಬದುಕಿದವುಗಳ ಮೈಯಲ್ಲಿ ಕೂಡಿಟ್ಟ ಕೊಬ್ಬು ಮತ್ತು ಶಕ್ತಿ ಕಡಿಮೆಯಾಗಿತ್ತು. ಕಾರಣ ಸರಳ. ಗಡ್ಡೆ ಕಟ್ಟಿದ ಮಣ್ಣಿನಲ್ಲಿ ಅದರ ಮೈ ಬಹುತೇಕ ನಿಂತೇ ಹೋಗಿರುತ್ತದೆ, ಖರ್ಚೇ ಇಲ್ಲ. ಸ್ವಲ್ಪ ಬೆಚ್ಚಗಾದರೆ ಮೈ ಎಚ್ಚರವಾಗುತ್ತದೆ, ಆದರೆ ತಿನ್ನಲು ಏನೂ ಇರುವುದಿಲ್ಲ. ಕೂಡಿಟ್ಟದ್ದು ಕರಗುತ್ತದೆ.

ನಮ್ಮ ಎಲೆಕೋಸಿನ ಹುಳು ಅಲ್ಲೂ ಇದೆ ಅಂತ ಕೇಳಿದೆ. ನಿಜವಾ?

ನಿಜ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಲೆಕೋಸು ಬೆಳೆಯುವವರು ಡೈಮಂಡ್ ಬ್ಯಾಕ್ ಅನ್ನುವ ಅದೇ ಪತಂಗ. ರೆಕ್ಕೆ ಮಡಚಿ ಕೂತರೆ ಬೆನ್ನಿನ ಮೇಲೆ ವಜ್ರದ ಆಕಾರದ ಗುರುತು ಕಾಣುತ್ತದಲ್ಲ, ಅದು. ಮೇರಿಯನ್ ದ್ವೀಪದಲ್ಲಿ ಇದು ಮೊದಲು ಕಂಡದ್ದು 1986ರಲ್ಲಿ. ಅಲ್ಲಿ ನಮ್ಮ ಎಲೆಕೋಸು ಇಲ್ಲ. ಅದೇ ಕುಟುಂಬಕ್ಕೆ ಸೇರಿದ ಕೆರ್ಗುಲೆನ್ ಎಲೆಕೋಸು ಇದೆ. ಹುಳು ಅದರ ಎಲೆಗೆ ಬಾಯಿ ಹಾಕಿತು.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ಹುಳುವಿಗೆ ಕಂಡುಕೊಂಡ ಉಪಾಯ ಗೊತ್ತಿರಬಹುದು: ಎಲೆಕೋಸಿನ 25 ಸಾಲಿಗೆ ಎರಡು ಸಾಲು ಸಾಸಿವೆ ಬಿತ್ತುವುದು. ಪತಂಗ ಸಾಸಿವೆಗೆ ಹೋಗುತ್ತದೆ, ಕೋಸು ಉಳಿಯುತ್ತದೆ. ಹೊಲದಲ್ಲಿ ಇದು ಜಾಣತನ. ಮೇರಿಯನ್‌ನಂಥ ದ್ವೀಪದಲ್ಲಿ ಸಾಸಿವೆ ಬಿತ್ತುವುದು ಅಂದರೆ ಇನ್ನೊಂದು ಹೊರಗಿನ ಗಿಡ ತಂದು ಹಾಕುವುದು. ಅಲ್ಲಿ ಆ ಮಾತೇ ಇಲ್ಲ.

ಔಷಧಿ ಹೊಡೆದು ಮುಗಿಸಬಹುದಲ್ಲ?

ಆಗುವುದಿಲ್ಲ. ಮಿಡ್ಜ್ ಸಾಯುವಷ್ಟು ಔಷಧಿ ಹೊಡೆದರೆ ಅದೇ ಮಣ್ಣಿನ ನುಸಿ, ಸ್ಪ್ರಿಂಗ್‌ಟೇಲ್‌ಗಳೂ ಸಾಯುತ್ತವೆ. ಉಳಿಸಬೇಕಾದದ್ದೇ ಅವನ್ನು. ದೊಡ್ಡ ಪ್ರಾಣಿಗಳ ವಿಷಯ ಬೇರೆ. ಆಸ್ಟ್ರೇಲಿಯಾಕ್ಕೆ ಸೇರಿದ ಮ್ಯಾಕ್ವಾರಿ ದ್ವೀಪದಲ್ಲಿ ಇಲಿ, ಮೊಲಗಳನ್ನು ಪೂರ್ತಿ ತೆಗೆದಿದ್ದೇವೆ ಅಂತ 2014ರಲ್ಲಿ ಘೋಷಿಸಿದರು. ಸೌತ್ ಜಾರ್ಜಿಯಾ 2018ರಲ್ಲಿ ಇಲಿಮುಕ್ತವಾಯಿತು. ಹೆಲಿಕಾಪ್ಟರ್‌ನಿಂದ ವಿಷದ ಗುಳಿಗೆ ಚೆಲ್ಲಿ ಮಾಡಿದ ಕೆಲಸ ಅದು. ಮಣ್ಣಿನೊಳಗೆ ಲಕ್ಷಗಟ್ಟಲೆ ಇರುವ ಮರಿಹುಳುವಿಗೆ ಅಂಥ ಗುಳಿಗೆ ಇಲ್ಲ.

ಕಟ್ಟಡದೊಳಗೇ ಇರುವಾಗ ಹಿಡಿದರೆ ಸ್ವಲ್ಪ ಆಸೆ ಇರುತ್ತದೆ. ಸೌತ್ ಶೆಟ್ಲೆಂಡ್‌ನ ಕಿಂಗ್ ಜಾರ್ಜ್ ದ್ವೀಪದಲ್ಲಿ ಉತ್ತರ ಗೋಳಾರ್ಧ ಮೂಲದ ಒಂದು ಚಳಿಗಾಲದ ನೊಣ 2006–07ರಲ್ಲಿ ಉರುಗ್ವೆಯ ನೆಲೆಯ ಕೊಳಚೆ ನೀರಿನ ವ್ಯವಸ್ಥೆಯಲ್ಲಿ ಸಿಕ್ಕಿತು. ಬೆಚ್ಚಗಿನ ಜಾಗ, ತಿನ್ನಲು ಸಮೃದ್ಧಿ. ಆಮೇಲೆ ಅದೇ ದ್ವೀಪದ ಬೇರೆ ದೇಶಗಳ ನೆಲೆಗಳಲ್ಲೂ, ಬಯಲಿನಲ್ಲೂ ಕಾಣಿಸಿತು. ಹತ್ತಾರು ದೇಶಗಳವರು ಒಂದೇ ದ್ವೀಪದಲ್ಲಿದ್ದರೆ ಒಬ್ಬರು ಮಾತ್ರ ಟ್ಯಾಂಕ್ ತೊಳೆದು ಪ್ರಯೋಜನ ಇಲ್ಲ.

ಉತ್ತರ ಧ್ರುವದ ಕಡೆಯೂ ಹೀಗೇ ಇದೆಯಾ?

ಅಲ್ಲಿ ಭೂಮಿ ಒಂದಕ್ಕೊಂದು ಅಂಟಿಕೊಂಡಿದೆ, ಹಾಗಾಗಿ ಕೀಟಗಳು ತಾವೇ ಉತ್ತರಕ್ಕೆ ಸರಿಯುತ್ತವೆ. ಕೆನಡಾದ ಪೈನ್ ಮರಗಳ ತೊಗಟೆ ಜೀರುಂಡೆ ಸ್ಥಳೀಯವೇ. ಮೈನಸ್ 40 ಡಿಗ್ರಿಯ ಚಳಿ ಅದನ್ನು ಹದ್ದಿನಲ್ಲಿ ಇಟ್ಟಿತ್ತು. ಅಂಥ ಚಳಿ ಅಪರೂಪವಾದ ಮೇಲೆ ಬ್ರಿಟಿಷ್ ಕೊಲಂಬಿಯಾದಲ್ಲಿ 1.8 ಕೋಟಿ ಹೆಕ್ಟೇರ್ ಕಾಡಿಗೆ ಪೆಟ್ಟು ಕೊಟ್ಟು, ರಾಕಿ ಪರ್ವತ ದಾಟಿ ಆಲ್ಬರ್ಟಾಕ್ಕೂ ಹೋಯಿತು.

ಐಸ್‌ಲೆಂಡ್‌ನಲ್ಲಿ ಸೊಳ್ಳೆಯೇ ಇಲ್ಲ ಅಂತ ಕ್ವಿಜ್‌ನಲ್ಲಿ ಉತ್ತರ ಹೇಳಿದವರಿಗೆ ಒಂದು ಸುದ್ದಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಮೂರು ಸೊಳ್ಳೆ ಸಿಕ್ಕವು, ಎರಡು ಹೆಣ್ಣು, ಒಂದು ಗಂಡು. ಪತಂಗ ಹಿಡಿಯಲು ವೈನ್‌ನಲ್ಲಿ ನೆನೆಸಿ ಕಟ್ಟಿದ್ದ ಹಗ್ಗಕ್ಕೆ ಬಂದು ಕೂತಿದ್ದವು. ಅದು ಚಳಿ ತಡೆಯುವ ಜಾತಿ. ಸಿಕ್ಕಿದ ಮಾತ್ರಕ್ಕೆ ನೆಲೆಯೂರಿತು ಅಂತಲ್ಲ, ಹವಾಮಾನವೇ ಕರೆತಂದಿತು ಅಂತಲೂ ಅಲ್ಲ.

ಕಾನೂನು ಏನು ಹೇಳುತ್ತದೆ? ಭಾರತಕ್ಕೂ ಅನ್ವಯಿಸುತ್ತದಾ?

ಅಂಟಾರ್ಕ್ಟಿಕದ ಪರಿಸರ ಕಾಪಾಡಲು ದೇಶಗಳು ಮಾಡಿಕೊಂಡ ಒಪ್ಪಂದ, 1991ರ ಮ್ಯಾಡ್ರಿಡ್ ಪ್ರೋಟೋಕಾಲ್, 1998ರಲ್ಲಿ ಜಾರಿಗೆ ಬಂತು. ಪರವಾನಗಿ ಇಲ್ಲದೆ ಹೊರಗಿನ ಗಿಡ, ಪ್ರಾಣಿ ತರುವಂತಿಲ್ಲ. ಸ್ಲೆಡ್ಜ್ ಎಳೆಯುತ್ತಿದ್ದ ನಾಯಿಗಳನ್ನೂ 1994ರೊಳಗೆ ವಾಪಸ್ ಕಳಿಸಿದರು. 1960ರ ದಶಕದ ಸಿಗ್ನಿ ಪ್ರಯೋಗ ಇವತ್ತು ಯಾರೂ ಮಾಡುವಂತಿಲ್ಲ. ಒಂದು ತೊಡಕು ಅಂದರೆ ಈ ಒಪ್ಪಂದ 60ನೇ ಅಕ್ಷಾಂಶದ ದಕ್ಷಿಣಕ್ಕೆ ಮಾತ್ರ. ಕೆರ್ಗುಲೆನ್, ಮೇರಿಯನ್, ಸೌತ್ ಜಾರ್ಜಿಯಾ ಅದರ ಹೊರಗೆ. ಅಲ್ಲಿ ಆಯಾ ದೇಶದ ಕಾನೂನು.

ಭಾರತಕ್ಕೆ ಅಲ್ಲಿ ಮೈತ್ರಿ ಮತ್ತು ಭಾರತಿ ಎಂಬ ಎರಡು ನೆಲೆಗಳಿವೆ. ಮೈತ್ರಿ 1989ರಿಂದ, ಭಾರತಿ 2012ರಿಂದ ನಡೆಯುತ್ತಿದೆ. ಎರಡನ್ನೂ ನೋಡಿಕೊಳ್ಳುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 2022ರಲ್ಲಿ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆ ಬಂದ ಮೇಲೆ ಈ ನಿಯಮಗಳು ನಮ್ಮ ದೇಶದ ಕಾನೂನೂ ಆಗಿವೆ.

ನಾನು ಅಲ್ಲಿಗೆ ಪ್ರವಾಸ ಹೋಗುತ್ತಿದ್ದೇನೆ. ಏನು ಮಾಡಬೇಕು?

ಹಡಗಿನವರು ಬೂಟು ತೊಳೆಸುತ್ತಾರೆ, ಬಟ್ಟೆ ವ್ಯಾಕ್ಯೂಮ್ ಮಾಡಿಸುತ್ತಾರೆ. ಅದಕ್ಕೆ ಕಾಯಬೇಡಿ, ಮನೆಯಲ್ಲೇ ಶುರು ಮಾಡಿ. ಬೂಟಿನ ಅಡಿಯ ಗೀರುಗಳಲ್ಲಿ ಸಿಕ್ಕ ಮಣ್ಣನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಚೀಲ ಮತ್ತು ಪ್ಯಾಂಟಿನ ಜೇಬುಗಳನ್ನು ಒಳಗು ಹೊರಗು ಮಾಡಿ ಒದರಿ. ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಮುಳ್ಳುಗಳನ್ನು ಸೂಜಿಯಿಂದ ಕಿತ್ತು ಹಾಕಿ. ಟ್ರೈಪಾಡ್ ಕಾಲು, ವಾಕಿಂಗ್ ಸ್ಟಿಕ್‌ನ ತುದಿ ಮರೆಯಬೇಡಿ, ಎಲ್ಲರೂ ಮರೆಯುವುದು ಅವನ್ನೇ. ಒಂದು ದ್ವೀಪದಿಂದ ಇನ್ನೊಂದಕ್ಕೆ ಇಳಿಯುವ ಮುನ್ನ ಮತ್ತೆ ತೊಳೆಯಿರಿ. ಸಿಗ್ನಿಯ ಮಿಡ್ಜ್ ಬಂದದ್ದೂ ಇನ್ನೊಂದು ದ್ವೀಪದಿಂದಲೇ.